ಥಾಣೆಯಲ್ಲೇ ಇಳಿದವನ ನಲವತ್ತೈದು ನಿಮಿಷ

ಭೂಮಿಯ ಮೇಲಿರುವ ಅಷ್ಟೂ ಜನ, ಇನ್ನೂ ಹುಟ್ಟದವರೂ ಸೇರಿ, ಒಂದೇ ಸೆಕೆಂಡಿನಲ್ಲಿ ಒಂದೇ ಗುಂಡಿ ಒತ್ತಿದರೂ ಅಲ್ಲಾಡದಂಥ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ನಾನು ಡೊಂಬಿವಲಿ ಮತ್ತು ಕೋಪರ್ ಸ್ಟೇಷನ್ನುಗಳ ನಡುವಿನ ಮೂರು ನಿಮಿಷದಲ್ಲಿ ಕಟ್ಟಿ ಮುಗಿಸಿದ್ದೇನೆ. ಅದೂ ಒಂದೇ ಕಾಲಿನ ಮೇಲೆ ನಿಂತು. ಇನ್ನೊಂದು ಕಾಲು ಇಡಲು ಡಬ್ಬದಲ್ಲಿ ಜಾಗ ಇರಲಿಲ್ಲ. ಕೋಪರ್ ಬಂದಾಗ ಕಿಟಕಿ ಪಕ್ಕ ಭಜನೆ ಮಾಡುತ್ತಿದ್ದ ಎಂಟು ಜನ ತಾಳ ನಿಲ್ಲಿಸಿ ನನಗೆ ಕೈಮುಗಿದರು. ಅವರಲ್ಲೊಬ್ಬ ಎದ್ದು ಸೀಟನ್ನೂ ಬಿಟ್ಟುಕೊಟ್ಟ. ಬೆಳಗಿನ ಲೋಕಲ್‌ನಲ್ಲಿ ಓಡಾಡಿದವರು ಉಳಿದದ್ದನ್ನೆಲ್ಲ ನಂಬಿದರೂ ಈ ಸೀಟಿನ ಮಾತನ್ನು ನಂಬುವುದಿಲ್ಲ. ಇರಲಿ.

ನನ್ನ ಹೆಸರು ತಾರಾನಾಥ. ಊರು ಕಾಪುವಿನ ಕಡೆ, ಮನೆ ಡೊಂಬಿವಲಿ ಪೂರ್ವ, ವಯಸ್ಸು ನಲವತ್ತೊಂಬತ್ತು. ನಮ್ಮವರೆಲ್ಲ ಮುಂಬಯಿಗೆ ಬಂದು ಹೋಟೆಲು ಹಾಕಿದರೆ ನಾನು ಕಂಪ್ಯೂಟರು ಹಾಕಿದೆ. ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ನಲ್ಲಿ, ವಾಲ್ವು ಮಾಡುವ ಒಂದು ಕಾರ್ಖಾನೆ. ಅಲ್ಲಿ ನಾನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದೆ. ನಾನು ಒಂದು ದಿನ ರಜೆ ಹಾಕಿದರೆ ಮಹಾರಾಷ್ಟ್ರದ ಅರ್ಧ ಮನೆಗಳಲ್ಲಿ ನೀರು ಬರುತ್ತಿರಲಿಲ್ಲ.

ಹೋದ ವರ್ಷ ಮಾಲೀಕರು ಕಾರ್ಖಾನೆಯನ್ನು ಗುಜರಾತಿನ ವಾಪಿಗೆ ಸಾಗಿಸುವುದೆಂದು ಠರಾಯಿಸಿದರು. ಯಂತ್ರಗಳು ಹೋಗುತ್ತವೆ, ಕಂಪ್ಯೂಟರ್ ಕೆಲಸ ಹೊರಗಿನ ಕಂಪನಿಗೆ. ‘ಜೂನ್ ಮೂವತ್ತು ನಿಮ್ಮ ಕೊನೆಯ ದಿನ’ ಎಂದು ಒಂದು ಕಾಗದ ಬಂತು. ಅದರಲ್ಲಿ ನನ್ನ ಹೆಸರನ್ನೂ ಸರಿಯಾಗಿ ಬರೆದಿದ್ದರು, ಅನುಮಾನಕ್ಕೆ ಜಾಗವೇ ಇರಲಿಲ್ಲ.

ನಲವತ್ತೊಂಬತ್ತರಲ್ಲಿ ಹೊಸ ಕೆಲಸ ಹುಡುಕುವವನಿಗೆ ಮೊದಲು ಗೊತ್ತಾಗುವ ಸಂಗತಿ, ಈಗಿನ ಸಾಫ್ಟ್‌ವೇರ್ ಸಂದರ್ಶನ ಮಾತುಕತೆಯಲ್ಲ, ಒಂದು ವಿಚಿತ್ರ ಆಟ. ಸಿಸ್ಟಂ ಡಿಸೈನ್ ಸುತ್ತು ಅನ್ನುತ್ತಾರೆ. ಕೈಯಲ್ಲಿ ಪೆನ್ನು, ಎದುರಿಗೆ ಬಿಳಿ ಹಲಗೆ, ಗೋಡೆಗೆ ಗಡಿಯಾರ. ‘ಒಂದು ಊರಿಗೆ ಟ್ಯಾಕ್ಸಿ ಕರೆಸುವ ವ್ಯವಸ್ಥೆ ಕಟ್ಟಿ’ ಅನ್ನುತ್ತಾರೆ. ನಲವತ್ತೈದು ನಿಮಿಷ. ಪೂರ್ತಿ ಚಿತ್ರ ಬರೆಯಬೇಕು, ಆದರೆ ಎಲ್ಲವನ್ನೂ ಹೇಳಲು ಹೊರಟರೆ ಸಮಯ ಸಾಲದು. ಒಂದನ್ನಾದರೂ ಆಳಕ್ಕೆ ಬಿಡಿಸಿ ಹೇಳಬೇಕು, ಆದರೆ ಅದರಲ್ಲೇ ಮುಳುಗಿದರೆ ಉಳಿದದ್ದು ಹಲಗೆಗೇ ಬರುವುದಿಲ್ಲ.

ಮೊದಲ ಸಲ ನನ್ನನ್ನು ಕರೆದವರು ಮಹಾಪೆಯ ಒಂದು ಕಂಪನಿಯವರು. ಒಂದು ಕಾಲೇಜಿನ ಗ್ರಂಥಾಲಯಕ್ಕೆ ಪುಸ್ತಕ ಕೊಟ್ಟು ಪಡೆಯುವ ವ್ಯವಸ್ಥೆ ಕೇಳಿದರು. ಒಂದು ಕಾಲೇಜೆಂದರೆ ನನ್ನ ಘನತೆಗೆ ಕಡಿಮೆಯಾಯಿತು. ದೇಶದ ಅಷ್ಟೂ ಕಾಲೇಜು ಎಂದು ಹಿಡಿದೆ. ಬಿಡಬಾರದೆಂದು ನೇಪಾಳ, ಶ್ರೀಲಂಕಾ ಸೇರಿಸಿದೆ. ನಲವತ್ತೈದನೇ ನಿಮಿಷಕ್ಕೆ ನಾನು ಕಂಪ್ಯೂಟರುಗಳನ್ನು ಇಡಲು ತುರ್ಭೆಯಲ್ಲಿ ಜಾಗ ನೋಡುತ್ತಿದ್ದೆ. ಅಷ್ಟರವರೆಗೆ ಒಂದು ಪುಸ್ತಕವೂ ಯಾರ ಕೈಗೂ ಹೋಗಿರಲಿಲ್ಲ. ಎರಡನೇ ಸಲವೂ ಇದೇ ಕತೆ, ಊರು ಮಾತ್ರ ವಾಶಿ.

ಆ ಭಾನುವಾರ ಅಕ್ಕನ ಮಗಳು ದಿಶಾ ಕಲ್ಯಾಣ್‌ನಿಂದ ಬಂದಳು. ಇಪ್ಪತ್ತೇಳು ವರ್ಷ, ಐರೋಲಿಯ ಐಟಿ ಪಾರ್ಕಿನಲ್ಲಿ ಐದು ವರ್ಷದಿಂದ ಕೆಲಸ. ಇಲ್ಲೇ ಹುಟ್ಟಿದ ಹುಡುಗಿ, ಅರ್ಧ ಮಾತು ಕನ್ನಡ, ಅರ್ಧ ಹಿಂದಿ, ಸಿಟ್ಟು ಬಂದರೆ ಮರಾಠಿ.

“ಮಾಮ, ಎರಡು ಸಲಾನೂ ಟೈಮ್ ಸಾಕಾಗಲಿಲ್ವಾ?”

“ಅವರ ಗಡಿಯಾರ ಸಣ್ಣದು ಮಗಾ.”

ಅಡುಗೆಮನೆಯಿಂದ ನನ್ನ ಹೆಂಡತಿ ನಳಿನಾಕ್ಷಿಯ ದನಿ ಬಂತು. “ಇವರಿಗೆ ಯಾವ ಗಡಿಯಾರವೂ ಸಾಕಾಗುದಿಲ್ಲ ದಿಶಾ. ಮದುವೆ ಮಂಟಪದಲ್ಲಿ ಭಟ್ರು ತಂದೆಯ ಹೆಸರು ಕೇಳಿದ್ದಕ್ಕೆ ಮುತ್ತಜ್ಜ ಹುಲಿ ಹಿಡಿದ ಕತೆ ಹೇಳಿದವರು. ಮುಹೂರ್ತ ಹೋಯ್ತು.”

“ಹೋಗಲಿಲ್ಲ. ಎರಡು ನಿಮಿಷ ಬಾಕಿ ಇತ್ತು.”

“ಹುಲಿಯೂ ಇರ್ಲಿಲ್ಲ.”

ದಿಶಾ ನಗಲಿಲ್ಲ. “ಸೀರಿಯಸ್ಲಿ ಮಾಮ. ನಮ್ಮ ಆಫೀಸಲ್ಲಿ ಒಂದು ಜಾಗ ಉಂಟು, ನಾನು ನಿಮ್ಮ ಬಯೋಡೇಟಾ ಕೊಟ್ಟಿದ್ದೀನಿ. ಕೆಳಗೆ ನನ್ನ ಹೆಸರು ಹಾಕಿದ್ದೀನಿ. ಫೇಲ್ ಆದ್ರೆ ಏಕ್ ಸಾಲ್ ತಕ್ ವಾಪಸ್ ಅಪ್ಲೈ ಮಾಡೋಕೆ ಆಗಲ್ಲ. ಔರ್ ಮೇರೀ ಭೀ ನಾಕ್ ಕಟೇಗೀ, ನನ್ನ ಮರ್ಯಾದೆನೂ ಹೋಗತ್ತೆ.”

ಜೂನ್ ಮೂವತ್ತಕ್ಕೆ ಇನ್ನು ಉಳಿದಿದ್ದದ್ದು ಐದು ವಾರ. ಬೇರೆ ಯಾರೂ ಕರೆದಿರಲಿಲ್ಲ. ಇದನ್ನು ನಾನು ಹಿಗ್ಗಿಸಿ ಹೇಳುತ್ತಿಲ್ಲ, ಹಿಗ್ಗಿಸಲು ಅದರಲ್ಲಿ ಏನೂ ಇರಲಿಲ್ಲ.

ದಿಶಾಳೇ ಒಂದು ಉಪಾಯ ಹೂಡಿದಳು. “ನೀವು ವಾಚ್ ಇದ್ರೂ ನೋಡಲ್ಲ ಮಾಮ. ಆದ್ರೆ ಸ್ಟೇಷನ್ ಮಾತ್ರ ಒಂದು ದಿನಾನೂ ಮಿಸ್ ಮಾಡಲ್ಲ.”

ಅದು ನಿಜ. ಡೊಂಬಿವಲಿಯವನು ನಿಂತಲ್ಲೇ ಗೊರಕೆ ಹೊಡೆಯುತ್ತಿದ್ದರೂ ಕಳವಾ ಬಂದಾಗ ಕಣ್ಣು ತೆರೆಯುತ್ತಾನೆ. ಥಾಣೆಯಲ್ಲಿ ಇಳಿಯಬೇಕಾದವನು ಕಳವಾದಲ್ಲೇ ಬಾಗಿಲ ಕಡೆ ಸರಿಯಬೇಕು, ಮುಂದಿನವರನ್ನೆಲ್ಲ ‘ಠಾಣೆ ಉತರಣಾರ್ ಕಾ?’, ಥಾಣೆಯಲ್ಲಿ ಇಳಿಯುತ್ತೀರಾ ಎಂದು ಕೇಳುತ್ತ. ಥಾಣೆ ಬಂದ ಮೇಲೆ ಎದ್ದರೆ ಇಳಿಯುವುದು ಮುಲುಂಡ್‌ನಲ್ಲಿ. ಇಪ್ಪತ್ತೆರಡು ವರ್ಷದಲ್ಲಿ ಈ ಲೆಕ್ಕ ನನ್ನ ತಲೆಯಿಂದ ಕಾಲಿಗೆ ಇಳಿದುಬಿಟ್ಟಿದೆ.

“ಅದಕ್ಕೇ ರೈಲಲ್ಲೇ ಪ್ರಾಕ್ಟೀಸ್,” ಅಂದಳು. “ಕೋಪರ್ ಬರೋ ತನಕ ಬರೀ ಪ್ರಶ್ನೆ ಕೇಳೋದು. ಯಾರಿಗೆ ಬೇಕು, ಎಷ್ಟು ಜನಕ್ಕೆ, ಏನು ಬೇಡ. ದಿವಾ ಬರೋ ತನಕ ಲೆಕ್ಕ, ಬೇಕಾದಷ್ಟೇ. ಅಲ್ಲಿಂದ ಕಳವಾ ತನಕ ಪೂರಾ ಚಿತ್ರ. ಚೌಕ, ಗೆರೆ, ಅಷ್ಟೇ. ಯಾವ ಚೌಕದ ಒಳಗೂ ಹೋಗಬಾರದು. ಕಳವಾದಲ್ಲಿ ಬಾಗಿಲ ಕಡೆ ಸರಿದು, ‘ಯಾವುದನ್ನು ಬಿಡಿಸಿ ನೋಡೋಣ’ ಅಂತ ಅವರನ್ನೇ ಕೇಳೋದು.”

“ಆಮೇಲೆ?”

“ಆಮೇಲೆ ಥಾಣೆಯಲ್ಲಿ ಇಳಿದು, ಬ್ರಿಜ್ ದಾಟಿ, ನನ್ನ ಜೊತೆ ಟ್ರಾನ್ಸ್‌ಹಾರ್ಬರ್ ಗಾಡಿ ಹತ್ತೋದು. ಗಾಡಿಗೆ ಕಾಯೋದೂ ಸೇರಿ ಐರೋಲಿ ತನಕ ಇಪ್ಪತ್ತು ನಿಮಿಷ ಒಂದೇ ಒಂದು ಚೌಕ. ತಳ ಕಾಣೋ ತನಕ.”

“ಐರೋಲಿಗೆ ನಾನ್ಯಾಕೆ ಬರಬೇಕು? ಕಾರ್ಖಾನೆ ಇರುವುದು ಥಾಣೆಯಲ್ಲಿ.”

“ಬಂದ್ ಆಗೋ ಕಾರ್ಖಾನೆ ಮಾಮ, ಒಂದು ಗಂಟೆ ಲೇಟಾದ್ರೆ ಕೌನ್ ಪೂಛೇಗಾ?”

“ಆಳ ನನಗೆ ಕಲಿಸಬೇಕಾ? ಕಾಪು ಲೈಟ್‌ಹೌಸಿನ ಕೆಳಗೆ ಮುಳುಗಿದರೆ ಮಲ್ಪೆಯಲ್ಲಿ ಏಳುತ್ತಿದ್ದವ ನಾನು.”

“ಇವರಿಗೆ ಈಜು ಬರುದಿಲ್ಲ,” ಎಂದಳು ನಳಿನಾಕ್ಷಿ, ಒಲೆಯ ಕಡೆ ತಿರುಗಿಕೊಂಡೇ.

ಮರುದಿನದಿಂದ ಶುರುವಾಯಿತು. ದಿಶಾ ಕಲ್ಯಾಣ್‌ನಲ್ಲಿ ಹೆಂಗಸರ ಡಬ್ಬ ಹತ್ತುತ್ತಿದ್ದಳು, ನಾನು ಡೊಂಬಿವಲಿಯಲ್ಲಿ ಅದೇ ಸ್ಲೋ ಲೋಕಲ್‌ನ ಪಕ್ಕದ ಡಬ್ಬ. ನಡುವೆ ಒಂದು ತಗಡಿನ ಗೋಡೆ, ಕಿವಿಯಲ್ಲಿ ಫೋನು. “ಪ್ರಶ್ನೆ: ಒಂದು ಆಸ್ಪತ್ರೆಗೆ ಟೋಕನ್ ವ್ಯವಸ್ಥೆ. ಗಾಡಿ ಹೊರಟಿತು ಮಾಮ, ಶುರು.” ನಾನು ಒಂದು ಕೈಯಲ್ಲಿ ಹಿಡಿ ಹಿಡಿದು, ಇನ್ನೊಂದು ಕೈಯಿಂದ ಗಾಳಿಯಲ್ಲಿ ಚೌಕ ಬರೆಯುತ್ತಿದ್ದೆ. ಗಾಳಿಯೂ ಇರಲಿಲ್ಲ, ಯಾರದೋ ಬೆನ್ನ ಮೇಲೆ ಬರೆಯುತ್ತಿದ್ದೆ. ಮೊದಲ ಮೂರು ದಿನ ದಿವಾ ದಾಟಿ ಮುಂಬ್ರಾ ಬಂದರೂ ನಾನು ಜನಸಂಖ್ಯೆಯಲ್ಲೇ ಇದ್ದೆ.

“ಮಾಮ! ಒಂದು ಆಸ್ಪತ್ರೆ! ಏಕ್!”

“ಮುಂದೆ ಬೆಳೆಯಬಹುದಲ್ಲ?”

“ಬೆಳೆದಾಗ ನೋಡೋಣ. ಎಷ್ಟು ರೋಗಿಗಳು ಅಂತ ನನ್ನನ್ನು ಕೇಳಿ. ನೀವೇ ಹೇಳ್ಬೇಡಿ.”

ನಾಲ್ಕನೇ ದಿನದಿಂದ ಪಕ್ಕದಲ್ಲಿ ನಿಲ್ಲುವ ಗೃಹಸ್ಥರೂ ಆಟಕ್ಕೆ ಸೇರಿದರು. “ಕಾಕಾ, ಆಜ್ ಕಾಯ್ ಬಾಂಧತಾಯ್?” ಎಂದು ಕೇಳುತ್ತಿದ್ದರು, ಇವತ್ತು ಏನು ಕಟ್ಟುತ್ತಿದ್ದೀರಿ ಎಂದು. ದಿವಾ ಬಂದೊಡನೆ ನನ್ನ ಭುಜ ತಟ್ಟಿ, “ಲೆಕ್ಕ ಸಾಕು” ಎಂದು ಮರಾಠಿಯಲ್ಲಿ ಗದರುತ್ತಿದ್ದರು.

ಹನ್ನೆರಡನೇ ದಿನಕ್ಕೆ ನನ್ನ ನಾಲಿಗೆ ರೈಲಿನ ಹಳಿಗೆ ಕೂತಿತು. ಕೋಪರ್‌ಗೆ ಪ್ರಶ್ನೆ ಮುಗಿಯುತ್ತಿತ್ತು, ದಿವಾಕ್ಕೆ ಲೆಕ್ಕ, ಕಳವಾಕ್ಕೆ ಚಿತ್ರ. ರೈಲು ತಡವಾದರೆ ನಾನೂ ತಡವಾಗುತ್ತಿದ್ದೆ. ಸೆಂಟ್ರಲ್ ರೈಲ್ವೆಯವರು ನನ್ನ ಬಾಯಿ ನೋಡಿಯೇ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರು.

“ಶಾಬಾಶ್ ಮಾಮ,” ದಿಶಾ ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ ಜನರ ನಡುವೆ ನನ್ನನ್ನು ಹುಡುಕಿ ಹೇಳುತ್ತಿದ್ದಳು. “ಈಗ ಬನ್ನಿ, ಉಳಿದರ್ಧ.”

“ಅದನ್ನು ಕಾರ್ಖಾನೆಗೆ ಹೋಗುವ ರಿಕ್ಷಾದಲ್ಲಿ ಮಾಡಿಕೊಳ್ತೇನೆ. ನಿನ್ನ ಗಾಡಿ ಬಂತು, ಹೋಗು.”

ಸಂಜೆ ಅವಳ ಸಂದೇಶ ಬರುತ್ತಿತ್ತು: ಆಳ ಆಯ್ತಾ? ನಾನು ಉತ್ತರ ಹಾಕುತ್ತಿದ್ದೆ: ತಳ ಮುಟ್ಟಿ ಬಂದೆ, ಕಾಲಿಗೆ ಕೆಸರು ಇನ್ನೂ ಉಂಟು.

ಸಂದರ್ಶನ ಒಂದು ಮಂಗಳವಾರ ಹನ್ನೊಂದು ಗಂಟೆಗೆ. ಐರೋಲಿಯಲ್ಲಿ ಏಳನೇ ಮಹಡಿ. ಕಿಟಕಿಯಿಂದ ಖಾಡಿಯ ಉಪ್ಪುನೀರೂ ಮುಲುಂಡ್ ಕಡೆಗೆ ಹೋಗುವ ಸೇತುವೆಯೂ ಕಾಣುತ್ತಿದ್ದವು. ಎರಡು ಮಹಡಿ ಕೆಳಗೆ ದಿಶಾ ತನ್ನ ಜಾಗದಲ್ಲಿ ಕೂತಿದ್ದಳು. ನನ್ನ ಎದುರಿಗೆ ಕೂತವಳು ಜ್ಯೋತ್ಸ್ನಾ ಎಂಬ ಮೂವತ್ತೈದರ ಆಸುಪಾಸಿನ ಹೆಂಗಸು. ಮೆತ್ತಗೆ ಮಾತು, ಮುಂದೆ ನನ್ನ ಬಯೋಡೇಟಾ. ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

“ಒಂದು ಊರಿನ ಹೋಟೆಲುಗಳಿಂದ ತಿಂಡಿ ತರಿಸಿಕೊಳ್ಳುವ ವ್ಯವಸ್ಥೆ. ಗಿರಾಕಿ ಫೋನಿನಲ್ಲಿ ಆರ್ಡರ್ ಮಾಡಬೇಕು, ಹೋಟೆಲಿಗೆ ತಿಳಿಯಬೇಕು, ತಲುಪಿಸುವವನಿಗೆ ತಿಳಿಯಬೇಕು. ಶುರು ಮಾಡಿ,” ಅಂದಳು.

ನನ್ನ ಕಾಲಿನ ಕೆಳಗೆ ಗಾಡಿ ಹೊರಟ ಹಾಗಾಯಿತು. ಪ್ರಶ್ನೆ ಕೇಳಿದೆ, ಒಂದಕ್ಕೂ ನಾನೇ ಉತ್ತರ ಹೇಳಲಿಲ್ಲ. ಎಷ್ಟು ಹೋಟೆಲು? ಇನ್ನೂರು. ಹಲಗೆಯ ಮೇಲೆ ಇನ್ನೂರು ಎಂದು ಬರೆದೆ. ಮುಂದೆ ನಾಲ್ಕು ಸೊನ್ನೆ ಸೇರಿಸಲು ಕೈ ಒದ್ದಾಡಿತು, ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡೆ. ಲೆಕ್ಕ ಮಾಡಿದೆ, ಬೇಕಾದಷ್ಟೇ. ಚೌಕಗಳು ಬಂದವು, ಗೆರೆಗಳು ಬಂದವು. ಜ್ಯೋತ್ಸ್ನಾ ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದಳು. ಹಲಗೆ ರಂಗೋಲಿಯ ಹಾಗೆ ತುಂಬಿತು. ಕೊನೆಯ ಗೆರೆ ಎಳೆದೆ, ಪೆನ್ನಿಗೆ ಮುಚ್ಚಳ ಹಾಕಿದೆ, ಕುರ್ಚಿಯ ಮೇಲಿದ್ದ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟೆ.

“ಎಲ್ಲಿಗೆ?” ಅಂದಳು ಜ್ಯೋತ್ಸ್ನಾ.

ನಾನು ನಿಂತೆ. ಎಲ್ಲಿಗೆಂದು ನನಗೂ ಗೊತ್ತಿರಲಿಲ್ಲ. ಕಳವಾ ಬಂದಿತ್ತು, ಕಾಲು ಎದ್ದಿತ್ತು.

“ಹನ್ನೊಂದು ಇಪ್ಪತ್ತಮೂರು,” ಅವಳು ಗಡಿಯಾರ ನೋಡಿ ಹೇಳಿದಳು. “ಚಿತ್ರ ಚೆನ್ನಾಗಿದೆ. ಇನ್ನೂ ಇಪ್ಪತ್ತೆರಡು ನಿಮಿಷ ಇದೆ. ಕೂತುಕೊಳ್ಳಿ.”

ಚೀಲ ಇಳಿಸಿದೆ. “ಯಾವುದನ್ನು ಬಿಡಿಸಿ ನೋಡೋಣ?” ಎಂದು ಕೇಳಿದೆ. ಅಷ್ಟನ್ನು ಕಲಿತಿದ್ದೆನಲ್ಲ.

ಅವಳು ಎದ್ದು ಬಂದು ನಡುವಿನ ಚೌಕದ ಮೇಲೆ ಬೆರಳಿಟ್ಟಳು. “ಆರ್ಡರ್ ಬರೆದುಕೊಳ್ಳುವ ಚೌಕ. ಗಿರಾಕಿ ಗುಂಡಿ ಒತ್ತಿದ. ಅಷ್ಟರಲ್ಲಿ ನೆಟ್ ಹೋಯಿತು. ಆರ್ಡರ್ ಹೋಯಿತೋ ಇಲ್ಲವೋ ಅವನಿಗೆ ಗೊತ್ತಿಲ್ಲ, ಮತ್ತೆ ಒತ್ತಿದ. ಮನೆಗೆ ಎರಡು ಮಸಾಲೆದೋಸೆ ಬರಬಾರದು. ಈ ಚೌಕದೊಳಗೆ ಏನು ಮಾಡುತ್ತೀರಿ?”

“ನನ್ನ ವ್ಯವಸ್ಥೆಯಲ್ಲಿ ನೆಟ್ ಹೋಗುವುದೇ ಇಲ್ಲ.”

“ಹೋಯಿತು ಅಂತ ಇಟ್ಟುಕೊಳ್ಳಿ.”

ನಾನು ಎರಡು ದೊಡ್ಡ ಪದ ಹೇಳಿದೆ. ಅವಳು ಎರಡನ್ನೂ ಬಿಡಿಸಿ ಹೇಳಲು ಕೇಳಿದಳು. ನಾನು ಮೂರನೆಯದನ್ನು ಹೇಳಿದೆ. ಆಗ ಅವಳು ಬಯೋಡೇಟಾ ಕೈಗೆತ್ತಿಕೊಂಡಳು.

“ವಾಗ್ಳೆ ಎಸ್ಟೇಟಿನಲ್ಲಿ ನೀವೊಬ್ಬರೇ ಕಟ್ಟಿದ, ಮಾಲು ಸಾಗಿಸುವ ವ್ಯವಸ್ಥೆ, ನಲವತ್ತು ಲಕ್ಷ ಬಳಕೆದಾರರು ಅಂತ ಬರೆದಿದ್ದೀರಿ. ಅಷ್ಟು ಜನ ಇದ್ದರೆ ಈ ತೊಂದರೆ ದಿನಕ್ಕೆ ಸಾವಿರ ಸಲ ಬಂದಿರಬೇಕು. ಅಲ್ಲಿ ಏನು ಮಾಡಿದಿರಿ?”

ಕಿಟಕಿಯ ಹೊರಗೆ ಸೇತುವೆಯ ಮೇಲೆ ಲಾರಿಗಳು ಸಾಲಾಗಿ ನಿಧಾನ ಹೋಗುತ್ತಿದ್ದವು. ಮೂರು ನಿಮಿಷಕ್ಕೆ ಸಾಕಾಗುವ ಸುಳ್ಳು ನನ್ನಲ್ಲಿ ಯಾವಾಗಲೂ ಇರುತ್ತದೆ, ರೈಲಿನಲ್ಲಿ ಅಷ್ಟರೊಳಗೆ ಒಂದು ಸ್ಟೇಷನ್ ಬಂದುಬಿಡುತ್ತದೆ. ಹದಿನೆಂಟು ನಿಮಿಷಕ್ಕೆ ಸಾಲುವಂಥದ್ದು ಇರಲಿಲ್ಲ. ಆ ಬಯೋಡೇಟಾದ ಕೆಳಗೆ ದಿಶಾಳ ಹೆಸರೂ ಇತ್ತು.

“ನಲವತ್ತು ಲಕ್ಷ ಅಲ್ಲ ಮೇಡಂ,” ಅಂದೆ. “ಮೂವತ್ತೆಂಟು.”

“ಮೂವತ್ತೆಂಟು ಲಕ್ಷ?”

“ಮೂವತ್ತೆಂಟು ಜನ.”

ಅವಳು ನಗಲಿಲ್ಲ. ಪೆನ್ನಿನಿಂದ ಒಂದು ಗೆರೆ ಎಳೆದು ಸಂಖ್ಯೆ ತಿದ್ದಿದಳು. “ಸರಿ. ಆ ಮೂವತ್ತೆಂಟರಲ್ಲಿ ಯಾರಾದರೂ ಎರಡು ಸಲ ಒತ್ತಿದರೇ?”

“ಒತ್ತಿದರು. ಹರಿಶ್ಚಂದ್ರ.”

ಹರಿಶ್ಚಂದ್ರ ನಮ್ಮ ಗೇಟಿನ ಗುಮಾಸ್ತ. ಲಾರಿ ಹೊರಗೆ ಹೋಗಬೇಕಾದರೆ ಅವನು ಗುಂಡಿ ಒತ್ತಿ ಗೇಟ್ ಪಾಸು ತೆಗೆಯಬೇಕು. ಪ್ರಿಂಟರು ನಿಧಾನ, ಹರಿಶ್ಚಂದ್ರನಿಗೆ ತಾಳ್ಮೆ ಇಲ್ಲ. ಎರಡು ಸಲ ಒತ್ತಿದ, ಎರಡು ಪಾಸು ಬಂತು. ಒಂದೇ ಆರ್ಡರಿನ ವಾಲ್ವುಗಳು ಎರಡು ಲಾರಿಯಲ್ಲಿ ಪುಣೆಗೆ ಹೋದವು. ಇದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ, ಹೇಳಿಕೊಳ್ಳುವಷ್ಟು ದೊಡ್ಡದಲ್ಲ ಎಂದು.

“ಆಮೇಲೆ?”

“ಪಾಸಿನ ಪರದೆ ತೆರೆದಾಗಲೇ ಅದಕ್ಕೊಂದು ನಂಬರು ಕೊಟ್ಟೆ. ಗುಂಡಿ ಒತ್ತಿದರೆ ಆ ನಂಬರೂ ಜೊತೆಗೆ ಹೋಗುತ್ತದೆ. ಹತ್ತು ಸಲ ಒತ್ತಿದರೂ ನಂಬರು ಅದೇ. ನಂಬರು ಮೊದಲೇ ಬಂದದ್ದಾದರೆ ಹೊಸ ಪಾಸು ಮಾಡುವುದಿಲ್ಲ, ಹಳೆಯದನ್ನೇ ತೋರಿಸುತ್ತದೆ.”

“ಎರಡೂ ಒಂದೇ ಗಳಿಗೆಗೆ ಬಂದರೆ?”

“ಬಂತು. ನಾನು ಮೊದಲು ‘ಈ ನಂಬರು ಇದೆಯಾ’ ಎಂದು ನೋಡಿ, ಆಮೇಲೆ ಬರೆಯುತ್ತಿದ್ದೆ. ಎರಡು ಒತ್ತುಗಳೂ ನೋಡುವಾಗ ನಂಬರು ಇರಲಿಲ್ಲ, ಎರಡೂ ಬರೆದವು. ಆಮೇಲೆ ನೋಡುವುದನ್ನೇ ಬಿಟ್ಟೆ. ಅದೇ ನಂಬರು ಎರಡನೇ ಸಲ ಬಂದರೆ ಒಳಗೆ ಬಿಡಬೇಡ ಅಂತ ಡೇಟಾಬೇಸಿಗೇ ಕಟ್ಟುನಿಟ್ಟು ಮಾಡಿದೆ.”

“ನಂಬರುಗಳನ್ನು ಎಷ್ಟು ದಿನ ಇಟ್ಟುಕೊಂಡಿರಿ?”

“ಮೊದಲು ಒಂದು ದಿನ. ಹರಿಶ್ಚಂದ್ರ ಶನಿವಾರ ಒತ್ತಿ, ಪರದೆಯನ್ನು ಹಾಗೇ ಬಿಟ್ಟು ಹೋಗಿ, ಸೋಮವಾರ ಬಂದು ಅದನ್ನೇ ಮತ್ತೆ ಒತ್ತಿದ. ಆಮೇಲೆ ಒಂದು ವಾರ ಮಾಡಿದೆ.”

ಜ್ಯೋತ್ಸ್ನಾ ಈಗ ನಗುತ್ತಿದ್ದಳು, ಹರಿಶ್ಚಂದ್ರನನ್ನು ಅವಳೂ ಎಲ್ಲೋ ನೋಡಿದ್ದಳೆಂದು ಕಾಣುತ್ತದೆ. “ಅದನ್ನು ಇಲ್ಲಿ ಹಾಕಿ ತೋರಿಸಿ,” ಎಂದು ಪೆನ್ನು ಕೊಟ್ಟಳು. ಹಾಕಿದೆ. ನಂಬರು ಕೊಡುವುದು ಯಾರು, ಫೋನೋ ನಾವೋ ಎಂದು ಕೇಳಿದಳು. ಹೇಳಿದೆ. ಆ ಡೇಟಾಬೇಸನ್ನೇ ನಾಲ್ಕು ಕಡೆ ಹಂಚಿಟ್ಟರೆ ಏನಾಗುತ್ತದೆ ಎಂದು ಕೇಳಿದಳು.

“ಗೊತ್ತಿಲ್ಲ,” ಅಂದೆ. “ನನ್ನ ಹತ್ತಿರ ಇದ್ದದ್ದು ಒಂದೇ.”

‘ಗೊತ್ತಿಲ್ಲ’ ಎಂಬ ಮಾತನ್ನು ನಾನು ಜನ್ಮದಲ್ಲಿ ಮೊದಲ ಸಲ ಹೇಳಿದ್ದು. ಅವಳು ಅದನ್ನೂ ಬರೆದುಕೊಂಡಳು, ನಂತರ ಇಬ್ಬರೂ ಸೇರಿ ಸ್ವಲ್ಪ ಯೋಚಿಸಿದೆವು. ಮಾತಿನ ರುಚಿಗೆ ಅವಳು ಎರಡು ಗಂಟೆ ಹೆಚ್ಚು ಕೂರಿಸಿಕೊಂಡಳು. ಎರಡು ಗಂಟೆ ಅಲ್ಲ, ನಾಲ್ಕು ನಿಮಿಷ.

ಶುಕ್ರವಾರ ಸುಜನ್ ಎಂಬ ಹುಡುಗ ಆ ಕಚೇರಿಯಿಂದ ಫೋನು ಮಾಡಿದ. ನನ್ನನ್ನು ಆರಿಸಿದ್ದಾರೆ, ನಾನು ಕೇಳಿದ ಹುದ್ದೆಗಿಂತ ಒಂದು ಮೆಟ್ಟಿಲು ಕೆಳಗೆ. ಒಂದೇ ಶರತ್ತು: ಬಯೋಡೇಟಾ ತಿದ್ದಿ, ಅದರಲ್ಲಿರುವುದೆಲ್ಲ ನಿಜವೆಂದು ಸಹಿ ಹಾಕಿ ಕಳಿಸಬೇಕು. ನಂತರವೇ ಪತ್ರ.

ಶನಿವಾರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಒಂದು ಪಕ್ಕ ದಿಶಾ, ಇನ್ನೊಂದು ಪಕ್ಕ ಬಟಾಣಿ ಸುಲಿಯುತ್ತ ನಳಿನಾಕ್ಷಿ.

“ಜ್ಯೋತ್ಸ್ನಾ ಮೇಡಂ ಹೇಳಿದ್ರು, ಇಪ್ಪತ್ತಮೂರನೇ ನಿಮಿಷಕ್ಕೆ ಚೀಲ ಹಾಕ್ಕೊಂಡು ಹೊರಟ್ರಂತೆ,” ಅಂದಳು ದಿಶಾ. “ಮಾಮ, ಸಚ್ ಬೋಲೋ. ರಿಕ್ಷಾದಲ್ಲಿ ಆಳ ಮಾಡ್ತಿದ್ರಿ ಅಂದ್ರಲ್ಲ, ಎಷ್ಟು ದಿನ ಮಾಡಿದ್ರಿ?”

“ಮಾಡುವ ಮನಸ್ಸು ದಿನಾ ಇತ್ತು.”

“ಎಷ್ಟು ದಿನ?”

“ಒಂದು ದಿನವೂ ಇಲ್ಲ ಮಗಾ. ನಿನಗೆ ಸುಳ್ಳು ಹೇಳಿದೆ. ರಿಕ್ಷಾದವನಿಗೆ ನಾನು ರೈಲ್ವೆಯ ದೊಡ್ಡ ಇಂಜಿನಿಯರ್ ಅಂತ ಹೇಳಿದ್ದೆ, ಆ ಕೆಲಸದಲ್ಲೇ ಸಮಯ ಹೋಯ್ತು.”

ಅವಳು ಹಣೆ ಚಚ್ಚಿಕೊಂಡು ಮರಾಠಿಯಲ್ಲಿ ಏನೋ ಅಂದಳು. ಅದನ್ನು ಕೇಳಿಸಿಕೊಳ್ಳದವನಂತೆ ನಾನು ನಲವತ್ತು ಲಕ್ಷ ಅಳಿಸಿ ಮೂವತ್ತೆಂಟು ಎಂದು ಬರೆದೆ. ಪರದೆಯ ಮೇಲೆ ಅದು ತುಂಬ ಒಂಟಿಯಾಗಿ ಕಂಡಿತು.

ನಳಿನಾಕ್ಷಿ ಬಟಾಣಿ ನಿಲ್ಲಿಸಿ ಬಗ್ಗಿ ನೋಡಿದಳು. “ಮೂವತ್ತೆಂಟು ಎಂತದು?”

“ಕಾರ್ಖಾನೆಯಲ್ಲಿ ನನ್ನ ಕಂಪ್ಯೂಟರ್ ವ್ಯವಸ್ಥೆ ಬಳಸುತ್ತಿದ್ದವರು.”

“ಹೌದಾ? ಪ್ರತಿ ದೀಪಾವಳಿಗೆ ‘ನನ್ನ ಸಿಸ್ಟಂ ಬಳಸುವವರಿಗೆಲ್ಲ’ ಅಂತ ಹೇಳಿ ನನ್ನ ಕೈಯಿಂದ ಚಕ್ಕುಲಿ ಕಟ್ಟಿಸಿಕೊಂಡು ಹೋಗ್ತಿದ್ರಲ್ಲ ಮಾರಾಯ್ರೆ. ನಾನು ಕಟ್ಟಿದ್ದು ಹತ್ತು ಪೊಟ್ಟಣ.”

ದಿಶಾ ನನ್ನ ಮುಖ ನೋಡಿದಳು. ನಾನು ಪರದೆ ನೋಡಿದೆ.

“ಕಂಪ್ಯೂಟರಿನಲ್ಲಿ ಮೂವತ್ತೆಂಟು ಹೆಸರು ಇದ್ದದ್ದು ನಿಜ,” ಅಂದೆ. “ಕೆಲಸ ಬಿಟ್ಟು ಹೋದವರ ಹೆಸರು ನಾನು ಅಳಿಸಿರಲಿಲ್ಲ. ಅಳಿಸಿದರೆ ಸಂಖ್ಯೆ ಕಡಿಮೆ ಕಾಣುತ್ತಿತ್ತು. ದಿನಾ ಬಳಸುತ್ತಿದ್ದವರು ಹನ್ನೊಂದು ಜನ.”

“ಪೊಟ್ಟಣ ಹತ್ತು.”

“ಹನ್ನೊಂದನೆಯವ ನಾನು.”

“ಹಾಗೇ ಬರೀರಿ,” ಎಂದಳು ನಳಿನಾಕ್ಷಿ. ಮೂವತ್ತೆಂಟು ಅಳಿಸಿ, ‘ಹತ್ತು ಜನ, ಮತ್ತೆ ನಾನು’ ಎಂದು ಬರೆದೆ.